ಕ್ಲಚ್ ಪ್ಲೇಟಿನ ಉಬ್ಬಿದ ಬದಿ

ಪಕ್ಕದ ಮನೆಯ ಕಾಕಾನ ಎಡಗೈಯಲ್ಲಿ, ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ, ಚರ್ಮದ ಅಡಿಯಲ್ಲಿ ಕತ್ತದ ಹಗ್ಗದಷ್ಟು ದಪ್ಪದ ನರವೊಂದು ಎದ್ದು ನಿಂತಿತ್ತು. ಡಯಾಲಿಸಿಸ್ ಸೂಜಿ ಚುಚ್ಚಲೆಂದು ಡಾಕ್ಟರು ಎರಡು ರಕ್ತನಾಳಗಳನ್ನು ಕೂಡಿಸಿದ್ದ ಜಾಗ ಅದು. ಬೆರಳಿಟ್ಟರೆ ಒಳಗೆ ಝುಮ್ಮೆನ್ನುತ್ತಿತ್ತು. ನಿಂತಲ್ಲೇ ಓಡುತ್ತಿರುವ ಲಾರಿಯ ಬಾಗಿಲಿಗೆ ಕೈಯಿಟ್ಟ ಹಾಗೆ. ದಿನಾ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಕಾಕಾ ಅಲ್ಲಿಗೆ ಹೆಬ್ಬೆರಳು ಒತ್ತಿ, ಬೇಲಿಯಾಚೆಯಿಂದ ನನಗೆ ಕೂಗಿ ಹೇಳುತ್ತಿದ್ದರು. "ಇಂಜಿನ್ ಚಾಲೂ ಅದೆ, ಬರ್ಕೊ ತಂಗಿ."

ನಾನು ಬರೆದುಕೊಳ್ಳುತ್ತಿದ್ದೆ. ಕಾರವಾರದ ಹಬ್ಬುವಾಡದಲ್ಲಿರುವ ಒಂದು ಔಷಧ ಗೋದಾಮಿನಲ್ಲಿ ದಾಸ್ತಾನು ಬರೆಯುವುದು ನನ್ನ ಕೆಲಸ. ಮನೆಗೆ ಬಂದ ಮೇಲೂ ಆ ಚಟ ಬಿಡದು. ಕಾಕಾನ ಹೆಸರಿಗೇ ಒಂದು ಪುಸ್ತಕ ಇಟ್ಟಿದ್ದೆ. ಎಷ್ಟು ಲೋಟ ನೀರು, ಎಷ್ಟು ತೂಕ, ಕೈ ಝುಮ್ಮೆಂದದ್ದಕ್ಕೆ ಒಂದು ಸರಿ ಗುರುತು. ಮುನ್ನೂರ ಹನ್ನೆರಡು ಸರಿ ಗುರುತುಗಳಿವೆ. ಆಸ್ಪತ್ರೆಯ ನರ್ಸ್ ಆ ಪುಸ್ತಕ ಕೇಳಿ ನೋಡುತ್ತಿದ್ದರು. ಅದು ಕಾಕಾನಿಗೆ ದೊಡ್ಡ ಹೆಮ್ಮೆ. "ನಂಗೆ ನೆನಪಿಲ್ಲ ಅಂದ್ರೂ ಅಡ್ಡಿಲ್ಲ, ಪುಸ್ತಕದಾಗೆ ಇರ್ತದೆ," ಎಂದು ವಾರ್ಡಿನ ಉಳಿದವರಿಗೆಲ್ಲ ಹೇಳುತ್ತಿದ್ದರು.

ಅವರು ಮೆಕ್ಯಾನಿಕ್. ಅದಿರು ಲಾರಿಗಳು ಅಂಕೋಲೆಯ ರಸ್ತೆ ತುಂಬಿದ್ದ ಕಾಲದಲ್ಲಿ, ಘಟ್ಟ ಇಳಿದು ಬಂದ ಲಾರಿಗಳ ಸುಟ್ಟ ಕ್ಲಚ್ ಬದಲಿಸುವುದೇ ಅವರ ಹೊಟ್ಟೆಪಾಡಾಗಿತ್ತು. ಲಾರಿಗಳು ನಿಂತವು, ಸಕ್ಕರೆ ಕಾಯಿಲೆ ಕಿಡ್ನಿ ತಿಂದಿತು, ಹತ್ತಿರದ್ದು ಕಣ್ಣಿಗೆ ಕಾಣದಾಯಿತು. ಉಳಿದದ್ದು ಅಂಕೋಲೆಯ ಬೊಬ್ರುವಾಡದ ಮನೆ, ಕಾಕಿ, ಮತ್ತು ಸ್ಟಿಯರಿಂಗಿನ ಪಕ್ಕದಲ್ಲೇ ಗೇರ್ ಇರುವ ಹಾಲುಬಣ್ಣದ ಹಳೇ ಕಾರು. ಮಂಗಳವಾರ, ಶುಕ್ರವಾರ ಅದರಲ್ಲೇ ನಾವಿಬ್ಬರೂ ಕಾರವಾರಕ್ಕೆ ಹೋಗುತ್ತಿದ್ದೆವು. ಹೋಗುವಾಗ ಅವರು ಓಡಿಸುತ್ತಿದ್ದರು. ಸಂಜೆ ಅವರು ಸುಸ್ತಾಗಿ ಹಿಂದೆ ಒರಗಿದರೆ ನಾನು. ಕಲಿಸಿದ್ದೂ ಅವರೇ.

"ಕಾಲಿಡೂಕೆ ಬೇರೆ ಜಾಗ ಇಲ್ವೇ? ಕ್ಲಚ್ ಮೇಲೆ ಮಲಗಸ್ತೀಯಲ್ಲ, ಅದೆಂತ ಮಂಚವೇ?" ಎಂದು ಕಣ್ಣು ಮುಚ್ಚಿಕೊಂಡೇ ಬಯ್ಯುತ್ತಿದ್ದರು.

ಮಳೆಗಾಲ ಕಳೆದ ಮೇಲೆ ಕಾರವಾರದ ದಾರಿಯಲ್ಲಿರುವ ಬಿಣಗಾದ ಏರಿನಲ್ಲಿ ಇಂಜಿನ್ ಕೂಗುವುದು, ಕಾರು ಮಾತ್ರ ಮುಂದೆ ಹೋಗದಿರುವುದು ಶುರುವಾಯಿತು. ಸುಟ್ಟ ವಾಸನೆಯೂ ಬಂತು. ಕ್ಲಚ್ ಪ್ಲೇಟ್ ಸವೆದಿತ್ತು. ಗ್ಯಾರೇಜಿಗೆ ಕೊಡೋಣವೆಂದೆ. "ನನ್ನ ಗಾಡಿ ಕ್ಲಚ್ಚಿಗೆ ಬೇರೆಯವ್ರು ಕೈ ಹಾಕೂದೇ?" ಎಂದರು. ಎಡಗೈಯಲ್ಲಿ ಒಂದು ಕೊಡಪಾನವನ್ನೂ ಎತ್ತಬಾರದೆಂದು ನರ್ಸ್ ಹೇಳಿದ್ದು ಪುಸ್ತಕದ ಮೊದಲ ಪುಟದಲ್ಲೇ ಇತ್ತು. ಅದನ್ನು ತೋರಿಸಿದೆ. "ಕೈ ನಿಂದು, ಬಾಯಿ ನಂದು," ಎಂದರು. ಶುಕ್ರವಾರದ ಡಯಾಲಿಸಿಸ್ ಮುಗಿದ ಮೇಲೆ ಮಂಗಳವಾರದವರೆಗೆ ಮೂರು ದಿನ ಸಿಗುತ್ತಿತ್ತು.

ಶನಿವಾರ ಅಂಗಳದಲ್ಲಿ ಚಿರೇಕಲ್ಲು ಪೇರಿಸಿ ಕಾರನ್ನು ಎತ್ತರಕ್ಕೆ ನಿಲ್ಲಿಸಿದೆವು. ನಾನು ಅಡಿಗೆ ಮಲಗಿದೆ. ಕಾಕಾ ಚಕ್ರದ ಪಕ್ಕ ಮಣೆ ಹಾಕಿಕೊಂಡು ಕುಳಿತು, ಬಲಗೈ ಒಳಗೆ ತೂರಿಸಿ, ತಡಕಿ ತಡಕಿ ಹೇಳುತ್ತಿದ್ದರು. ಬಿಚ್ಚಿದ ಒಂದೊಂದು ಬೋಲ್ಟನ್ನೂ ತೆಂಗಿನ ಕರಟದಲ್ಲಿ ಹಾಕಿ, ಕರಟಕ್ಕೆ ನಂಬರು ಕೊಟ್ಟು ಬರೆದೆ. ಇಪ್ಪತ್ತಾರು ಬೋಲ್ಟು, ಒಂಬತ್ತು ಕರಟ. ಸೆಕೆಗೆ ನಾನು ಐದು ಲೋಟ ನೀರು ಕುಡಿದೆ. ಅವರಿಗೆ ಇಡೀ ದಿನಕ್ಕೆ ಅಪ್ಪಣೆಯಿದ್ದದ್ದು ಎರಡೇ. ಕಾಕಿ ಒದ್ದೆ ಬಟ್ಟೆ ತಂದು ಅವರ ಕುತ್ತಿಗೆಗೆ ಸುತ್ತಿ, "ಇಬ್ಬರಿಗೂ ತಲೆ ಸಮ ಇಲ್ಲ," ಎಂದು ಒಳಗೆ ಹೋದರು.

ಜ್ಯಾಕಿನ ಮೇಲೆ ಹಲಗೆಯಿಟ್ಟು ಗೇರ್‌ಬಾಕ್ಸ್ ಇಳಿಸಿದೆವು. ಕ್ಲಚ್ಚಿನ ಮುಚ್ಚಳ ಸಡಿಲಾದದ್ದೇ ಹಳೇ ಪ್ಲೇಟ್ ನನ್ನ ಎದೆಯ ಮೇಲೆ ಬಿದ್ದು, ಮುಖ ತುಂಬ ಕಪ್ಪು ಪುಡಿಯಾಯಿತು. ಕಾಕಾ ನಕ್ಕರು, ನಾನೂ ನಕ್ಕೆ. ಪ್ಲೇಟಿನ ನಡುವೆ ಕಬ್ಬಿಣದ ಒಂದು ಗುಬುಟು ಇರುತ್ತದೆ, ಅದು ಒಂದು ಬದಿಗೆ ಹೆಚ್ಚು ಉಬ್ಬಿರುತ್ತದೆ. ಉಬ್ಬಿದ ಬದಿ ಯಾವ ಕಡೆಗೆ ಇತ್ತೆಂಬುದನ್ನು ನಾನು ನೋಡಲಿಲ್ಲ, ಬರೆಯಲೂ ಇಲ್ಲ.

ಭಾನುವಾರ ಹೊಸ ಪ್ಲೇಟ್ ತಂದೆ. ಬೇರೆ ಕಂಪನಿಯದು, ನೋಡಲು ಎರಡೂ ಬದಿ ಹೆಚ್ಚುಕಡಿಮೆ ಒಂದೇ, ಉಬ್ಬು ಬೆರಳಿಗಷ್ಟೇ ಗೊತ್ತಾಗುವಂತಿತ್ತು. ಹಳೆಯದನ್ನು ಮಾದರಿಗೆಂದು ಒಯ್ದವಳು ಅಂಗಡಿಯಲ್ಲೇ ಬಿಟ್ಟಿದ್ದೆ. ಕಾಕಾ ಹೊಸದನ್ನು ತೊಡೆಯ ಮೇಲಿಟ್ಟು ತುಂಬ ಹೊತ್ತು ಸವರಿದರು.

"ಹಳೇದು ಹೆಂಗೆ ಕೂತಿತ್ತು? ಪುಸ್ತಕ ನೋಡು."

ಪುಟ ತಿರುವಿದೆ. ಕರಟಗಳ ನಂಬರು ಇತ್ತು, ನೀರಿನ ಲೆಕ್ಕ ಇತ್ತು. ಇದು ಇರಲಿಲ್ಲ. ಇಲ್ಲವೆನ್ನಲು ನಾಚಿಕೆಯಾಯಿತು.

"ಉಬ್ಬಿದ ಬದಿ ಇಂಜಿನ್ ಕಡೆ, ಕಾಕಾ."

ಅವರ ಹೆಬ್ಬೆರಳು ಗುಬುಟಿನ ಮೇಲೇ ನಿಂತಿತು. "ನಂಗೆ ಉಲ್ಟಾ ಅನ್ನಸ್ತದಲ್ಲ."

"ಬರ್ದದೆ ಕಾಕಾ."

"ಬರ್ದದೆ ಅಂದ್ರೆ ಹಾಕು."

ಸೋಮವಾರ ನಾನು ರಜೆ ಹಾಕಿದೆ. ಮಧ್ಯಾಹ್ನ ಎಲ್ಲ ಜೋಡಿಸಿ ಇಂಜಿನ್ ಶುರು ಮಾಡಿದೆವು. ಪೆಡಲನ್ನು ಪೂರ್ತಿ ಒತ್ತಿದರೂ ಗೇರ್ ಬೀಳಲಿಲ್ಲ. ಹಲ್ಲು ಕಡಿದಂಥ ಸದ್ದು. ಕಾಕಾ ಇಂಜಿನ್ ನಿಲ್ಲಿಸಿ, ನನ್ನ ಕೈಯಲ್ಲಿದ್ದ ಪುಸ್ತಕದ ಕಡೆ ಒಮ್ಮೆ ನೋಡಿದರು. ಕೇಳಲಿಲ್ಲ. "ಬಿಚ್ಚು," ಎಂದರು.

"ನಾಳೆ ಬಸ್ಸಿಗೆ ಹೋಗ್ವ ಕಾಕಾ. ಬರೂ ಭಾನುವಾರ ನೋಡ್ವ."

"ಬಿಚ್ಚು ತಂಗಿ. ಒಂದು ತಾಸಿನ ಕೆಲಸ."

ನನ್ನ ಕೈ ಸೋತಿತ್ತು. ಗೇರ್‌ಬಾಕ್ಸ್ ಇಳಿಸುವಾಗ ಜ್ಯಾಕಿನ ಅಡಿಯ ಚಿರೇಕಲ್ಲು ಒಡೆಯಿತು. ಹಲಗೆ ಓರೆಯಾಯಿತು. ಅಷ್ಟೂ ಕಬ್ಬಿಣ ನನ್ನ ಮುಖದ ಕಡೆ ಜಾರಿತು. ಕಣ್ಣು ಮುಚ್ಚಿದೆ. ಬೀಳಲಿಲ್ಲ. ಕಣ್ಣು ಬಿಟ್ಟಾಗ ನನ್ನ ಮೂಗಿನಿಂದ ಒಂದು ಗೇಣು ಮೇಲೆ ಅದು ನಿಂತಿತ್ತು. ಅದರ ಅಡಿಯಲ್ಲಿ ಕಾಕಾನ ಎರಡೂ ಮುಂಗೈಗಳಿದ್ದವು.

"ಹೊರಗೆ ಬಾ," ಎಂದರು, ಮೆಲ್ಲಗೆ.

ನಾನು ತೆವಳಿ ಹೊರಬಂದು, ತೆಂಗಿನ ತುಂಡು ತಂದು ಆನಿಕೆ ಕೊಡುವವರೆಗೂ ಭಾರ ಅವರ ಕೈಮೇಲೇ ಇತ್ತು. ಎಷ್ಟು ಹೊತ್ತೆಂದು ನನ್ನಲ್ಲಿ ಲೆಕ್ಕವಿಲ್ಲ. ಎಡಗೈಯಲ್ಲಿ ಉದ್ದಕ್ಕೆ ಕೆಂಪು ಗೆರೆ ಬಿದ್ದಿತ್ತು. ಅಂಗಿಯ ತೋಳು ಇಳಿಸಿ ಮುಚ್ಚಿಕೊಂಡರು. ಪ್ಲೇಟ್ ತಿರುಗಿಸಿ ಹಾಕಿಸಿದರು. ಕತ್ತಲಾಗುವ ಮೊದಲು ಕಾರು ಓಡಿತು.

ಮಂಗಳವಾರ ಬೆಳಿಗ್ಗೆ ಬೇಲಿಯಾಚೆಯಿಂದ ಕೂಗು ಬರಲಿಲ್ಲ. ನಾನೇ ಹೋದೆ. ಕಾಕಾ ಮೆಟ್ಟಿಲ ಮೇಲೆ ಕುಳಿತಿದ್ದರು. ನನ್ನ ಬೆರಳು ಹಿಡಿದು ನರದ ಮೇಲಿಟ್ಟುಕೊಂಡರು. ಅದು ಗಟ್ಟಿಯಾಗಿತ್ತು. ಏನೂ ಓಡುತ್ತಿರಲಿಲ್ಲ.

ಅವತ್ತು ನಾನೇ ಓಡಿಸಿದೆ. ಬಿಣಗಾದ ಏರನ್ನು ಕಾರು ಸಲೀಸಾಗಿ ಹತ್ತಿತು. "ಈಗ ಸಮ ಆಯ್ತು ನೋಡು," ಎಂದರು ಕಾಕಾ. ಏನು ಭಾರ ಎತ್ತಿದಿರೆಂದು ಆಸ್ಪತ್ರೆಯಲ್ಲಿ ಕೇಳಿದರು. "ಬಾವಿಯಿಂದ ಎರಡು ಕೊಡ ನೀರು ಎತ್ತಿದೆ," ಎಂದುಬಿಟ್ಟರು. ಹೆಪ್ಪುಗಟ್ಟಿದ ನರ ಮತ್ತೆ ತೆರೆಯಲಿಲ್ಲ. ಡಯಾಲಿಸಿಸ್‌ಗೆಂದು ಕುತ್ತಿಗೆಗೆ ನಳಿಗೆ ಹಾಕಿದರು. ಹನ್ನೊಂದನೆಯ ದಿನ ಅದರಿಂದ ನಂಜೇರಿ ಚಳಿಜ್ವರ ಬಂತು.

ನೋಡಲು ಬಂದ ಹಳೇ ಗ್ಯಾರೇಜಿನ ಗೆಳೆಯನಿಗೆ ಕಾಕಿ ಕ್ಲಚ್ಚಿನ ಕತೆ ಹೇಳಿದ್ದರು. ಆತ ನಗಿಸಲೆಂದೇ, "ಎಂತದಾ, ಸಾವಿರ ಕ್ಲಚ್ ಹಾಕಿದವ ಮನೆ ಗಾಡೀದು ಉಲ್ಟಾ ಹಾಕಿದ್ಯಂತೆ?" ಎಂದ.

"ಹೌದಾ, ಮುದುಕ ಆದೆ. ಕಣ್ಣು ಕಾಣೂದಿಲ್ಲ," ಎಂದರು ಕಾಕಾ. ನಾನು ಅಲ್ಲೇ, ಮಂಚದ ಕಾಲಬದಿಯಲ್ಲಿ ನಿಂತಿದ್ದೆ. ಬಾಯಿ ತೆರೆಯಲಿಲ್ಲ.

ಗೆಳೆಯ ಹೋದ ಮೇಲೆ ನನ್ನನ್ನು ಹತ್ತಿರ ಕರೆದರು. "ಪುಸ್ತಕ ತಂದಿದ್ಯೆ?"

ತೆಗೆದೆ.

"ಬರ್ಕೊ. ಉಬ್ಬಿದ ಬದಿ ಗೇರ್‌ಬಾಕ್ಸ್ ಕಡೆ. ಮುಂದಿನ ಸಲ ನಾ ಇರೂದಿಲ್ಲ."

ಬರೆದೆ. ಓದಿ ತೋರಿಸೆಂದರು. ಓದಿದೆ. "ಹಾಂ, ಈಗ ಬರ್ದದೆ," ಎಂದು ಕಣ್ಣು ಮುಚ್ಚಿದರು. ಅದಾಗಿ ಎಂಟನೆಯ ದಿನ ಹೋದರು.

ಪುಸ್ತಕದಲ್ಲಿ ಆ ಮಂಗಳವಾರದ ಮುಂದೆ ಒಂದು ತಪ್ಪು ಗುರುತಿದೆ. ಅದರ ಕೆಳಗೆ ಉಬ್ಬಿದ ಬದಿಯ ಆ ಒಂದು ಸಾಲು ಬಿಟ್ಟರೆ ಉಳಿದದ್ದು ಖಾಲಿ. ಕಾಕಾ ಕೊನೆಗಾಲದಲ್ಲಿ ಕ್ಲಚ್ಚನ್ನು ಉಲ್ಟಾ ಹಾಕಿದರೆಂಬ ಮಾತು ಅಂಕೋಲೆಯ ಗ್ಯಾರೇಜುಗಳಲ್ಲಿ ಈಗಲೂ ನಗೆಯಾಗಿ ಓಡಾಡುತ್ತದೆ. ಹೋದ ತಿಂಗಳು ಎರಡು ಸಲ ಕೇಳಿದೆ. ಉಲ್ಟಾ ಹಾಕಿದ್ದು ನಾನು. ಅವರ ಹೆಬ್ಬೆರಳಿಗೆ ಸರಿ ತಿಳಿದಿತ್ತು. ಇದೆಲ್ಲವನ್ನೂ ಬರೆದು ನಿನ್ನೆ ಕಾಕಿಗೆ ಓದಿ ಹೇಳಿದೆ. ಅವರು ಎದ್ದು ಒಳಗೆ ಹೋದರು. ಇಂದು ಬೆಳಿಗ್ಗೆ ಅವರ ಬಾಗಿಲು ಇನ್ನೂ ತೆರೆದಿಲ್ಲ.