ಖಾಲಿ ಮಗ್ಗುಲಿನ ಜೀವನಚರಿತ್ರೆ

ಪ್ರಿಂಟರ್ ಕಾಗದದ ಅಂಚಿನ ತೂತುಪಟ್ಟಿಯನ್ನು ಸರ್ರನೆ ಹರಿಯುವ ಸದ್ದು ಈಗ ಎಲ್ಲೂ ಕೇಳಿಸುವುದಿಲ್ಲ. ಅದು ನೆನಪಾದರೆ ತೊಂಬತ್ತರ ದಶಕದಲ್ಲಿ ಸ್ಟ್ರೀಟ್ಸ್‌ವಿಲ್ ಎಂಬ ಪರದೇಶದ ಊರಿನಲ್ಲಿದ್ದ ನಮ್ಮ ಮನೆ, ಅಡುಗೆಮನೆಯ ಮೇಜು, ಇಂಗಿನ ವಾಸನೆ ಹತ್ತಿದ ಅಮ್ಮನ ಹಾಳೆಗಳು ಒಟ್ಟಿಗೇ ಬರುತ್ತವೆ. ಮೈಸೂರಿನ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಅಮ್ಮ ಇಲ್ಲಿ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುತ್ತಿದ್ದಳು. ಸಂಜೆ ಮನೆಗೆ ಬಂದು, ಇಪ್ಪತ್ತನೇ ಶತಮಾನದ ಆರಂಭದ ಒಬ್ಬ ಅಮೆರಿಕನ್ ಕಾದಂಬರಿಕಾರ್ತಿಯ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದಳು. ಹಳ್ಳಿಶಾಲೆಯಲ್ಲಿ ಪಾಠ ಹೇಳುತ್ತ, ನಲವತ್ತರಲ್ಲಿ ಮೊದಲ ಕಾದಂಬರಿ ಪ್ರಕಟಿಸಿ, ಹೆಸರು ಮಾಡಿ, ಬದುಕಿದ್ದಾಗಲೇ ಜನ ಮರೆತ ಹೆಂಗಸು ಅವಳು. ಒಂದು ಮಗ್ಗುಲು ಖಾಲಿಯಿರುವ ಕಾಗದವನ್ನು ಎಸೆಯಲು ಅಮ್ಮನಿಗೆ ಮನಸ್ಸು ಬರುತ್ತಿರಲಿಲ್ಲ. ಅಪ್ಪ ಆಫೀಸಿನಿಂದ ತರುತ್ತಿದ್ದ ಹಳೆಯ ಪ್ರಿಂಟೌಟುಗಳ ಹಿಂದೆಯೇ ಬರೆಯುತ್ತಿದ್ದಳು.

"ಇವತ್ತಾದ್ರೂ ನಿನ್ನ ಗೆಳತಿಗೆ ಮದುವೆ ಆಯ್ತೇನೇ?" ಎಂದು ಅಪ್ಪ ಛೇಡಿಸುತ್ತಿದ್ದ.

"ಅವಳಿಗೆಲ್ಲಿ ಪುರುಸೊತ್ತು ರೀ? ಸೆಕೆಂಡ್ ನಾವೆಲ್ ಬರೀತಿದಾಳೆ."

ನನಗೆ ಹನ್ನೊಂದು ವರ್ಷ. ಗೌರಿ ಹಬ್ಬಕ್ಕೆ ನೆಂಟರಂತಿದ್ದ ಸ್ನೇಹಿತರು ಬರುವವರಿದ್ದರು. ಅಮ್ಮ ಬರೆದ ಹಾಳೆಗಳನ್ನು ಬೋರಲು ಇಡುತ್ತಿದ್ದಳು. ಮೇಲೆ ಕಾಣುತ್ತಿದ್ದುದು ಆಫೀಸಿನ ಅಂಕಿಗಳು ಮಾತ್ರ. "ಪುಟ್ಟೀ, ಆ ವೇಸ್ಟ್ ಪೇಪರೆಲ್ಲ ಬ್ಲೂ ಬಾಕ್ಸಿಗೆ ಹಾಕ್ಬಿಡು" ಎಂದ ಅಪ್ಪ. ಹಾಕಿ, ರದ್ದಿಯ ಆ ನೀಲಿ ಡಬ್ಬವನ್ನು ರಸ್ತೆಯಂಚಿಗೆ ಇಟ್ಟು ಬಂದೆ. ಮಧ್ಯಾಹ್ನದೊಳಗೆ ರದ್ದಿ ಒಯ್ಯುವ ಲಾರಿ ಬಂದು ಹೋಯಿತು. ಒಂದು ಹಾಳೆ ಮಗುಚಿ ಅಮ್ಮನ ಅಕ್ಷರ ಕಂಡಿತ್ತೇ? ಕಂಡಿತ್ತೆಂದು ಒಮ್ಮೊಮ್ಮೆ ತೀರಾ ಸ್ಪಷ್ಟವಾಗಿ ನೆನಪಾಗುತ್ತದೆ. ಆ ಸ್ಪಷ್ಟತೆಯನ್ನೇ ನಂಬಲಾರೆ. ಆ ದಿನದ ನನ್ನ ಡೈರಿಯಲ್ಲಿರುವುದು ಒಬ್ಬಟ್ಟಿನ ವಿಷಯ.

ಅಮ್ಮ ಹುಡುಕತೊಡಗಿದಾಗ ಅಪ್ಪ "ನಾನೇ ಎಸೆದೆ" ಎಂದುಬಿಟ್ಟ. ನಾನು ಖಾಲಿ ಬ್ಲೂ ಬಾಕ್ಸನ್ನು ಒಳಗೆ ತಂದಿಟ್ಟೆ. ಅಮ್ಮ ಬೈಯಲಿಲ್ಲ, ಮತ್ತೆ ಬರೆಯಲೂ ಇಲ್ಲ. ಅಪ್ಪ ತಂದುಕೊಟ್ಟ ಹೊಸ ನೋಟ್‌ಬುಕ್ಕುಗಳಲ್ಲಿ ದಿನಸಿಯ ಪಟ್ಟಿ ಬರೆದಳು.

ನಾನು ಯೂನಿವರ್ಸಿಟಿಯಲ್ಲಿ ಸಾಹಿತ್ಯ ಓದುತ್ತಿದ್ದ ವರ್ಷ ಅಮ್ಮ ಆಸ್ಪತ್ರೆ ಸೇರಿದಳು. ಒಂದು ಮಧ್ಯಾಹ್ನ ಕಿತ್ತಳೆ ಸುಲಿದು ಕೊಡುತ್ತಿದ್ದೆ.

"ಆ ಪೇಪರ್ಸ್ ಹಾಕಿದ್ದು ನೀನೇ ಅಂತ ಗೊತ್ತು ಕಣೆ. ನಿಮ್ಮಪ್ಪಂಗೆ ಸುಳ್ಳು ಹೇಳಕ್ಕೆ ಬರಲ್ಲ" ಎಂದಳು. "ಹಾಕೋ ಮುಂಚೆ ಒಂದು ಪುಟಾನಾದ್ರೂ ಓದಿದ್ಯಾ?"

"ಇಲ್ಲಮ್ಮ, ಪ್ರಾಮಿಸ್. ನಿಂದು ಅಂತ ಗೊತ್ತೇ ಇರ್ಲಿಲ್ಲ" ಎಂದೆ, ಅವಸರದಲ್ಲಿ.

"ಹೌದಾ" ಎಂದು ಅಮ್ಮ ಗೋಡೆಯತ್ತ ತಿರುಗಿದಳು.

ತನ್ನ ಪುಸ್ತಕಕ್ಕೆ ಭೂಮಿಯ ಮೇಲೆ ಓದಿದವಳು ಒಬ್ಬಳಾದರೂ ಇದ್ದಳೇ ಎಂದು ಅವಳು ಕೇಳಿದ್ದಳು. ಅದು ನನಗೆ ಹೊಳೆಯುವ ಹೊತ್ತಿಗೆ ಅಮ್ಮ ಇರಲಿಲ್ಲ. ಸ್ಟ್ರೀಟ್ಸ್‌ವಿಲ್‌ನ ಮನೆಯಲ್ಲಿ ಬೇರೆಯವರಿದ್ದರು.