ನೆಡೋದಕ್ಕೆ ಉಳಿದದ್ದು

ಹಿತ್ತಿಲ ಪಾತಿ ಎರಡು ಚಾಪೆ ಹಾಸುವಷ್ಟು ಜಾಗ. ಅಲ್ಲಿ ಈ ಸಲ ಯಾವ ಬೆಳ್ಳುಳ್ಳಿ ನೆಡುವುದೆಂದು ಟೈಲರಮ್ಮ ಎರಡು ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದಳು. ಒಂದರಲ್ಲಿ ಮಗ ಬೀಜದಂಗಡಿಯಿಂದ ತಂದ ದಪ್ಪ ಬಿಳಿ ಗೆಡ್ಡೆಗಳು. ಇನ್ನೊಂದರಲ್ಲಿ, ಅವಳು ಮದುವೆಯಾಗಿ ಬರುವಾಗ ಅಮ್ಮ ಬಟ್ಟೆಯಲ್ಲಿ ಗಂಟು ಕಟ್ಟಿ ಕೊಟ್ಟಿದ್ದ ನೇರಳೆ ಸಿಪ್ಪೆಯ ತಳಿ. ಮೂವತ್ತು ವರ್ಷದಲ್ಲಿ ಅದು ಇಳಿಯುತ್ತಾ ಇಳಿಯುತ್ತಾ ಗೋಲಿ ಗಾತ್ರಕ್ಕೆ ಬಂದಿತ್ತು.

“ಅಜ್ಜಿ ತಳಿಗೆ ವಯಸ್ಸಾಯ್ತಮ್ಮಾ, ಬಿಟ್ಬಿಡು,” ಎಂದಿದ್ದ ಮಗ.

“ನಂಗೂ ಆಯ್ತು. ನನ್ನೂ ಬಿಡ್ತೀಯೇನೋ?”

ಮಾತೇನೋ ನಗೆಯಲ್ಲಿ ಹೋಯಿತು. ಆದರೆ ಒಂದು ವರ್ಷ ನೆಡದಿದ್ದರೆ ಮುಗಿಯಿತು. ಯಾವ ಅಂಗಡಿಯಲ್ಲೂ ಸಿಗುವ ತಳಿ ಅದಲ್ಲ.

ಮಗುವನ್ನು ಸೊಂಟಕ್ಕೇರಿಸಿಕೊಂಡು ಬಂದ ಸೊಸೆ ಕೇಳಿದಳು: “ಅತ್ತೇ, ಕಿತ್ತಾಗ ದೊಡ್ಡವೆಲ್ಲಾ ಯಾರಿಗೆ?”

“ಪಕ್ಕದ್ಮನೆ ಟೀಚರಿಗೆ, ನಿಮ್ಮಮ್ಮಂಗೆ, ಬಂದೋರಿಗೆ.”

“ಮಧ್ಯಮದ್ದು?”

“ಅಡುಗೆಗೆ.”

“ನೆಡೋದಕ್ಕೆ?”

ಟೈಲರಮ್ಮನ ಕಣ್ಣು ನೇರಳೆ ಬುಟ್ಟಿಯತ್ತ ಹೋಯಿತು. ನೆಡೋದಕ್ಕೆ ಉಳಿದದ್ದು. ಸುಲಿಯಲು ಬೇಜಾರಾಗುವ ಪುಟಾಣಿಗಳನ್ನೇ ವರ್ಷವರ್ಷವೂ ಹುಡುಕಿ ಹುಡುಕಿ ಮಣ್ಣಿಗೆ ಹಾಕಿದ್ದಳು.

“ನಿಮ್ಮ ಬಟ್ಟೆ ಕಥೇನೇ ಇದೂ,” ಎಂದಳು ಸೊಸೆ. “ಊರಿಗೆಲ್ಲ ಚೆಂದ ಹೊಲಿದು, ನಿಮಗೆ ಮಾತ್ರ ಚೂರುಪಾರು.”

ಟೈಲರಮ್ಮ ತನ್ನ ರವಿಕೆಯ ತೋಳು ನೋಡಿಕೊಂಡಳು. ಒಂದೇ ತೋಳಿನಲ್ಲಿ ಮೂರು ಬಣ್ಣ.

ಅವಳು ಎದ್ದು ಗುಂಡಿಗಳ ಡಬ್ಬಿಯಿಂದ ಒಂದು ಅಂಗಿಯ ಗುಂಡಿ ತಂದಳು. ನೇರಳೆ ಎಸಳುಗಳನ್ನು ಬಿಡಿಸಿ, ಗುಂಡಿಯ ಪಕ್ಕ ಹಿಡಿದು ನೋಡುತ್ತಾ ಹೋದಳು. ಅದಕ್ಕಿಂತ ದೊಡ್ಡದು ಪಾತಿಗೆ, ಚಿಕ್ಕದು ಒಲೆಗೆ. ಬುಟ್ಟಿಯಷ್ಟೂ ನೋಡಿದ ಮೇಲೆ ಪಾತಿಗೆ ಸಿಕ್ಕಿದ್ದು ಎರಡು ಹಿಡಿ.

ಅಷ್ಟರಲ್ಲಿ ಬೇಲಿಯಾಚೆಯಿಂದ ಟೀಚರ್: “ನನ್ನ ಪಾಲು ಎಲ್ರೀ?”

“ಬಿಳೀದು ತಗೊಳ್ಳಿ, ದಪ್ಪಗಿದೆ.”

“ಅದನ್ಯಾರು ಕೇಳಿದ್ರು? ನಿಮ್ಮ ನೇರಳೇದೇ ಕೊಡಿ, ಅದರ ಘಮ ಬಿಳೀದಕ್ಕೆಲ್ಲಿ!”

ರೂಢಿಯ ಕೈ ದೊಡ್ಡ ಎಸಳುಗಳತ್ತ ಹೋಗಿ, ಅಲ್ಲೇ ನಿಂತಿತು. ಒಲೆಯ ಪಾಲಿನಿಂದ ಒಂದು ಹಿಡಿ ತೆಗೆದು ಬೇಲಿಯಾಚೆ ನೀಡಿದಳು.

“ಅಯ್ಯೋ, ಇದನ್ನ ಸುಲಿಯೋದ್ರೊಳಗೆ ನಾನು ರಿಟೈರಾಗ್ತೀನಿ!”

“ಎರಡು ಮೂರು ವರ್ಷ ತಡೀರಿ ಟೀಚರೇ. ದೊಡ್ಡದಕ್ಕೆ ಈಗ ಬೇರೆ ಕೆಲಸ ಇದೆ.”

ಟೀಚರ್ ಒಳಗೆ ಹೋದ ಮೇಲೆ ಟೈಲರಮ್ಮ ಪಾತಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಇದ್ದುದರಲ್ಲೇ ದಪ್ಪನೆಯ ಎಸಳನ್ನು ಆರಿಸಿ, ತುದಿ ಮೇಲಾಗಿ ಮಣ್ಣಿಗೆ ಒತ್ತಿದಳು.