ಟವೆಲ್ ಕೆಳಗಿನ ಸುದ್ದಿ

ನಮ್ಮ ಅಪ್ಪ ಲಂಚ ತೆಗೆದುಕೊಂಡ ಸುದ್ದಿ ಹೊಳಲ್ಕೆರೆಯ ಎಲ್ಲರ ಮೊಬೈಲಿಗೂ ಹೋಗಿ, ಕೊನೆಗೆ ನಮ್ಮ ಮನೆಗೂ ಬಂತು. ವಿಡಿಯೊದಲ್ಲಿ ಸರ್ಕಾರಿ ಗುಮಾಸ್ತರಾದ ಅಪ್ಪ ಟವೆಲ್ ಕೆಳಗೆ ಯಾರದೋ ಕೈ ಹಿಡಿದು, ಆಕಾಶ ನೋಡುತ್ತಾ ನಿಂತಿದ್ದರು. ಮೇಲೆ ಕೆಂಪಕ್ಷರ: 'ಟವೆಲ್ ಕೆಳಗೆ ನಡೆದಿದ್ದೇನು?' ಹಿನ್ನೆಲೆಗೆ ದೆವ್ವದ ಸಿನಿಮಾದ ಸಂಗೀತ.

ನಡೆದಿದ್ದು ಎತ್ತಿನ ವ್ಯಾಪಾರ. ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಪಕ್ಕದವನಿಗೆ ತಿಳಿಯದಂತೆ ಟವೆಲ್ ಮುಚ್ಚಿ ಬೆರಳು ಹಿಡಿದು ಕೇಳುತ್ತಾರೆ. ಆದರೆ ವಿಡಿಯೊ ತೆಗೆದ ಮಹಾನುಭಾವ ಎತ್ತನ್ನೇ ಬಿಟ್ಟಿದ್ದ. ಆನೆಯಂಥ ಎತ್ತು. ಅದರ ಬಾಲದ ತುದಿ ಮಾತ್ರ ಒಮ್ಮೆ ಬಂದು ಹೋಗುತ್ತದೆ. ಅಪ್ಪನಿಗೆ ಯಾರೋ ಚಾಮರ ಬೀಸುತ್ತಿದ್ದಾರೆಂದೇ ಜನ ತಿಳಿದಿರಬೇಕು.

ಭಾನುವಾರ ಅಕ್ಕನನ್ನು ನೋಡಲು ಹಿರಿಯೂರಿನಿಂದ ಗಂಡಿನ ಕಡೆಯವರು ಬರುವವರಿದ್ದರು. ಅಮ್ಮ ಸಾರಿಗೆ ಉಪ್ಪು ಹಾಕುವುದನ್ನು ಮರೆತರು. ಹುಡುಗನ ಫೋಟೊವನ್ನು ಪುಸ್ತಕದಲ್ಲಿಟ್ಟುಕೊಂಡು ಹಗಲಿರುಳು 'ಓದುತ್ತಿದ್ದ' ಅಕ್ಕ ಪುಸ್ತಕ ಮುಚ್ಚಿಟ್ಟಳು.

ಪುಣ್ಯಕ್ಕೆ ಸಾಕ್ಷಿ ನನ್ನ ಬಳಿ ಇತ್ತು. ಅದೇ ಹೊತ್ತಿಗೆ ಸಂತೆಯಲ್ಲಿ ಕೂಲಿಂಗ್ ಗ್ಲಾಸ್ ಹಾಕಿಕೊಂಡು ನಾನೊಂದು ರೀಲ್ಸ್ ಮಾಡಿದ್ದೆ. ಹಿಂದೆ ಅಪ್ಪ, ಟವೆಲ್, ಎತ್ತು ಎಲ್ಲವೂ ಇದ್ದವು. ಇಡೀ ವಂಶದ ಮಾನ ನನ್ನ ಹೇರ್‌ಸ್ಟೈಲಿನ ಹಿಂದೆ ನಿಂತಿತ್ತು.

ಬಂದವರು ಉಪ್ಪಿಟ್ಟು ಮುಟ್ಟಲಿಲ್ಲ. ಹುಡುಗನ ತಂದೆ ಗಂಟಲು ಸರಿಮಾಡಿಕೊಂಡು, "ಆ ವಿಡಿಯೊ ನಾವೂ ನೋಡಿದ್ವಿ" ಎಂದರು.

ನಾನು ಮೊಬೈಲ್ ಚಾಚಿದೆ. "ಇದ್ರಾಗೆ ಪೂರ್ತಿ ಐತೆ, ನೋಡ್ರಿ."

ನೋಡಿದರು. ಕಣ್ಣು ಕಿರಿದು ಮಾಡಿ ಮತ್ತೆ ನೋಡಿದರು. "ನಿನ್ ತಲೆ ಅಡ್ಡ ಐತಲ್ಲೋ ತಮ್ಮಾ. ಎತ್ತಿನ ಮಕನೇ ಕಾಣ್ತಿಲ್ಲ."

"ಕೊನಿಗೆ ಬಗ್ತೀನಿ, ಅವಾಗ ಕಾಣ್ತೈತೆ."

ರೀಲ್ಸಿನಲ್ಲಿ ನಾನು ಬಗ್ಗಿದೆ, ಎತ್ತು ಕಂಡಿತು. "ಹಣೆ ಸುಳಿ ಸರಿಯಿಲ್ಲ" ಎಂದರು ಅವರು. "ಇದ್ನ ಕೊಂಡ್ರಾ?"

"ಅದ್ಕೇ ಬಿಟ್ಟೆ" ಎಂದರು ಅಪ್ಪ.

"ಆಫೀಸ್ನಾಗೆ ಕುಂತೋರಿಗೆ ಬೆರಳು ವ್ಯಾಪಾರ ಎಲ್ಲಿ ಬರ್ತೈತೆ?" ಎನ್ನುತ್ತಾ ಅವರು ಹೆಗಲ ಟವೆಲನ್ನು ಕೈಮೇಲೆ ಹಾಕಿಕೊಂಡು ಚಾಚಿದರು. "ಹಿಡೀರಿ. ನಾನೆಷ್ಟು ಅಂತೀನಿ, ಹೇಳ್ರಿ ನೋಡಾಣ."

ಹಿರಿಯರಿಬ್ಬರೂ ಟವೆಲ್ ಕೆಳಗೆ ಕೈ ಹಿಡಿದು ಫ್ಯಾನ್ ನೋಡುತ್ತಾ ಕುಳಿತರು. ಅಪ್ಪ ಬಗ್ಗಿ ಅವರ ಕಿವಿಯಲ್ಲಿ ಬೆರಳಿನ ಲೆಕ್ಕ ಹೇಳಿದರು. ಅವರು ಉಪ್ಪಿಟ್ಟಿನ ತಟ್ಟೆ ಎಳೆದುಕೊಂಡರು. "ಸರಿ ಐತೆ. ಹುಡುಗೀನ ಕರೀರಿ."

ಅಕ್ಕ ಕಾಫಿ ತಂದಳು. ಕಿಟಕಿಯಾಚೆ ಎದುರು ಮನೆಯ ಆಂಟಿ ಮೊಬೈಲ್ ಎತ್ತಿ ಹಿಡಿದು ನಿಂತಿದ್ದರು. ಸಿಗ್ನಲ್ ಹುಡುಕುತ್ತಿದ್ದಾರೆಂದುಕೊಂಡೆ.

ಸಂಜೆಗೆ ಹೊಸ ವಿಡಿಯೊ ಬಂತು: 'ಟವೆಲ್ ಕೆಳಗೆ ವರದಕ್ಷಿಣೆ.' ಸಂಗೀತ ಅದೇ.

ಹಿಂದೆಯೇ ಹಿರಿಯೂರಿನಿಂದ ಫೋನ್. ಅಪ್ಪ ಬೆವರೊರೆಸಿಕೊಂಡು ಸ್ಪೀಕರ್ ಹಾಕಿದರು. ಅಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಬೀಗ್ರೇ, ಈ ಸಲ ವಿಡಿಯೊದಾಗೆ ನಾನೂ ಬಂದೀನಿ" ಎಂದಿತು ಆ ಕಡೆಯ ದನಿ. "ನಿಮ್ ಹುಡ್ಗ ಏನಾರ ಅಲ್ಲೇ ರೀಲ್ಸ್ ಮಾಡ್ತಿದ್ನಾ, ಕೇಳ್ರಿ."